ಆಂಗೀರಸ ಸಂವತ್ಸರದ ಏಳು ಹೆಣ್ಣಾಳು

ಅನ್ಯಾಯವನ್ನು ಕಂಡಲ್ಲಿ ಅದನ್ನು ಅನ್ಯಾಯವೆಂದೇ ಕರೆಯಬೇಕೆಂದು ನನಗೆ ಕಲಿಸಿದವರು ನನ್ನ ತಂದೆ. ದಾವಣಗೆರೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅವರು ಬೆತ್ತವಿಲ್ಲದೆ ಪಾಠ ಹೇಳುತ್ತಿದ್ದರು. ಜಾತಿ ಕೇಳದೆ ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದರು. ಅವರು ಕಲಿಸಿದ್ದನ್ನು ನಾನು ಬದುಕಿನುದ್ದಕ್ಕೂ ವೇದಿಕೆಗಳ ಮೇಲೆ, ಮನವಿಪತ್ರಗಳಲ್ಲಿ ನಡೆಸಿಕೊಂಡು ಬಂದಿದ್ದೇನೆ. ಆದರೆ ಒಂದು ಅನ್ಯಾಯದ ವಿಷಯವನ್ನು ಈವರೆಗೆ ಎಲ್ಲಿಯೂ ಎತ್ತಿಲ್ಲ. ಅದನ್ನು ಮಾಡಿದವಳು ನಾನೇ.

೧೯೬೨ರ ಮಳೆಗಾಲ. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಫ್ರೆಂಚರ ಚಕ್ರವರ್ತಿ ರಷ್ಯದ ಮೇಲೆ ದಂಡೆತ್ತಿ ಹೋಗಿ ಆಗ ಸರಿಯಾಗಿ ನೂರೈವತ್ತು ವರ್ಷವಾಗಿತ್ತು. ಆ ನೆಪದಲ್ಲಿ ಹರಿಹರದ ಒಂದು ಶಾಲೆಯವರು ಸುತ್ತಲಿನ ಶಾಲೆಗಳಿಗೆ ಸ್ಪರ್ಧೆ ಏರ್ಪಡಿಸಿದ್ದರು. ೧೮೧೨ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಏನೇನು ನಡೆಯಿತೆಂಬುದನ್ನು ಹನ್ನೆರಡು ಸಾಲಿನಲ್ಲಿ ಬಟ್ಟೆಯ ಮೇಲೆ ಬರೆದು ತರಬೇಕು. ಶಾಲೆಗೊಬ್ಬರು ಅದರ ಮುಂದೆ ನಿಂತು ಮಾತನಾಡಬೇಕು. ನಮ್ಮ ಚರಿತ್ರೆಯ ಮೇಷ್ಟ್ರು ಹತ್ತಿ ಗಿರಣಿಯಿಂದ ಎರಡು ಗಜ ಕೋರಾ ಬಟ್ಟೆ ತರಿಸಿ ಗೋಡೆಗೆ ಬಡಿದರು.

ಮಾತನಾಡುವವಳು ನಾನೇ ಎಂದು ಎಲ್ಲರಿಗಿಂತ ಮೊದಲು ತೀರ್ಮಾನಿಸಿದವಳೂ ನಾನೇ. ಎರಡು ವಾರ ವಾಚನಾಲಯದಲ್ಲಿ ಕೂತು ಸಾಲುಗಳನ್ನು ಸಂಗ್ರಹಿಸಿದೆ. ಲಕ್ಷಾಂತರ ಬಡ ಸಿಪಾಯಿಗಳನ್ನು ಒಬ್ಬನ ಹಟಕ್ಕಾಗಿ ಹಿಮಕ್ಕೆ ಬಲಿಕೊಟ್ಟದ್ದು, ಮಾಸ್ಕೋ ಹೊತ್ತಿ ಉರಿದದ್ದು, ಅಮೆರಿಕವೂ ಇಂಗ್ಲೆಂಡೂ ಯುದ್ಧಕ್ಕೆ ನಿಂತದ್ದು, ಯಂತ್ರ ಮುರಿದ ನೇಕಾರರನ್ನು ಗಲ್ಲಿಗೇರಿಸಲು ಇಂಗ್ಲೆಂಡಿನಲ್ಲಿ ಕಾನೂನು ತಂದದ್ದು. ಪ್ರತಿ ಸಾಲಿನಲ್ಲೂ ತಪ್ಪಿತಸ್ಥರು ಯಾರೆಂದು ಬರೆದೆ. ಹನ್ನೊಂದು ಸಾಲು ತುಂಬಿದವು.

ಹನ್ನೆರಡನೆಯದನ್ನು ತಂದವಳು ಆನೆಕೊಂಡದಿಂದ ನಡೆದು ಬರುತ್ತಿದ್ದ ನನ್ನ ಸಹಪಾಠಿ. ರೈತರ ಮನೆಯ ಹುಡುಗಿ. ಪ್ರತಿ ಪರೀಕ್ಷೆಯಲ್ಲೂ ನನಗಿಂತ ಹಿಂದಿರುತ್ತಿದ್ದಳು. ಆದ್ದರಿಂದಲೇ ಆಕೆಯನ್ನು ನನ್ನ ಸಮಾನಳೆಂದು ಧಾರಾಳವಾಗಿ ಕಾಣುತ್ತಿದ್ದೆ. ಒಂದು ಬೆಳಿಗ್ಗೆ ಆಕೆ ಸೀರೆಯ ತುಂಡಿನಲ್ಲಿ ಸುತ್ತಿದ ಕಡತವನ್ನು ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿದ, ಮಡಿಕೆ ಮಡಿಕೆಯಾದ ಬಟ್ಟೆ. ಅದರ ಮೇಲೆ ಬಳಪದ ಬಿಳಿ ಅಕ್ಷರ.

"ನಮ್ಮಜ್ಜಿ ಟ್ರಂಕಿನಾಗಿತ್ತು ಸಾರ್. ಏಳು ಜನ ಹೆಂಗಸ್ರ ಮಾತು ಐತೆ."

ಮೇಷ್ಟ್ರು ಗಟ್ಟಿಯಾಗಿ ಓದಿದರು. ಆಂಗೀರಸ ಸಂವತ್ಸರದ ಆಷಾಢದಲ್ಲಿ ದಂಡಿನ ಮೂಟೆಗಳನ್ನು ಹೊರಲು ಆನೆಕೊಂಡದಿಂದ ಏಳು ಹೆಣ್ಣಾಳುಗಳನ್ನು ಬಿಟ್ಟಿಗೆ ಹಿಡಿದೊಯ್ದರು, ಹರಿಹರದಲ್ಲಿ ಹೊಳೆ ತುಂಬಿತ್ತು, ಹರಿಗೋಲಿನಲ್ಲಿ ದಾಟಿಸಿದರು, ಕೂಲಿ ಇಲ್ಲ, ಆರು ಜನ ತಿರುಗಿ ಬಂದರು.

"ಬರದಿದ್ದಾಕಿ ನಮ್ಮಜ್ಜಿಯ ಮುತ್ತಜ್ಜಿ," ಎಂದಳು ಆಕೆ. "ಆಕಿ ಮಾತು ಒಂದ್ಸಲನಾದ್ರೂ ನಾಕು ಮಂದಿ ಮುಂದ ಓದ್ಬೇಕು ಅಂತ ಅಜ್ಜಿಗೆ ಆಸೆ."

ಮೇಷ್ಟ್ರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಆಂಗೀರಸ ಅಂದ್ರೆ ೧೮೧೨! ಅಲ್ಲಿ ಫ್ರೆಂಚರ ದಂಡು ರಷ್ಯಕ್ಕೆ ನುಗ್ತಾ ಐತೆ, ಇಲ್ಲಿ ನಮ್ಮ ಹೆಣ್ಣುಮಕ್ಕಳು ಮೂಟೆ ಹೊರ್ತಾ ಅದಾರೆ. ಶಹಬ್ಬಾಸ್ ಕಣವ್ವಾ! ಹರಿಹರದಾಗ ನೀನೇ ಮಾತಾಡು."

ಆ ಶಹಬ್ಬಾಸ್ ನನ್ನ ಎದೆಗೆ ಕೆಂಡದಂತೆ ಬಿತ್ತು. ಎರಡು ವಾರದ ನನ್ನ ದುಡಿಮೆಗೆ ಮೇಷ್ಟ್ರು ತಲೆಯಾಡಿಸಿದ್ದರಷ್ಟೆ. ನನ್ನ ಮನೆಯಲ್ಲಿ ಅಜ್ಜನ ಹೆಸರಿನಿಂದಾಚೆಗೆ ಯಾರಿಗೂ ಏನೂ ಗೊತ್ತಿರಲಿಲ್ಲ; ಆಕೆಗೆ ಮಾತ್ರ ಟ್ರಂಕು ತೆರೆದರೆ ಚರಿತ್ರೆ ಸಿಗುತ್ತಿತ್ತು. ಬಿಟ್ಟಿ ದುಡಿಮೆಯಂಥ ಘೋರ ಅನ್ಯಾಯವನ್ನು ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು, ಆ ಅನ್ಯಾಯ ನಮ್ಮ ಮನೆಯವರಿಗೆ ಯಾಕೆ ಆಗಲಿಲ್ಲವೆಂಬ ಹೊಟ್ಟೆಕಿಚ್ಚು.

ಮಧ್ಯಾಹ್ನದ ಬಿಡುವಿನಲ್ಲಿ ಕಡತದ ಬಳಿ ಒಬ್ಬಳೇ ನಿಂತೆ. ಬಳಪದ ಅಕ್ಷರ, ಹೆಬ್ಬೆರಳಿನಿಂದ ಉಜ್ಜಿದರೆ ಹೋಗುತ್ತಿತ್ತು. ನಾನು ಉಜ್ಜಲಿಲ್ಲ. ಅದಕ್ಕಿಂತ ಸಭ್ಯವಾದ ದಾರಿ ಕಂಡುಕೊಂಡೆ.

"ಸಾರ್, ಇದರಾಗೆ ಸಂವತ್ಸರದ ಹೆಸರು ಮಾತ್ರ ಐತಲ್ಲ, ಶಕ ವರ್ಷದ ಸಂಖ್ಯೆ ಎಲ್ಲೈತೆ?" ಎಂದು ತರಗತಿಯ ಎದುರಿನಲ್ಲೇ ಕೇಳಿದೆ. "ಆಂಗೀರಸ ಅರವತ್ತು ವರ್ಷಕ್ಕೊಮ್ಮೆ ಬರ್ತೈತೆ. ಇದು ೧೮೭೨ ಯಾಕಾಗಿರಬಾರ್ದು?"

ಮೇಷ್ಟ್ರು ಪ್ರಾಮಾಣಿಕರು. ಕಡತವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿ, ಮುಖ ಸಣ್ಣದು ಮಾಡಿಕೊಂಡು, "ಆಧಾರ ಇಲ್ದೆ ಬರೆಯೋಕೆ ಬರಲ್ಲವ್ವಾ," ಎಂದು ಆಕೆಗೆ ಹಿಂದಿರುಗಿಸಿದರು. ಹನ್ನೆರಡನೆಯ ಸಾಲಿಗೆ ನಾನು ಕರಾಕಸ್ ನಗರದ ಭೂಕಂಪವನ್ನು ಹಾಕಿದೆ. ಆನೆಕೊಂಡದ ಜಾಗದಲ್ಲಿ ಕರಾಕಸ್ ಬಂದು ಕೂತಿತು, ಮಾತನಾಡುವ ಸರದಿಯೂ ನನಗೇ ಮರಳಿತು.

ಹರಿಹರಕ್ಕೆ ರೈಲಿನಲ್ಲಿ ಹತ್ತು ಹುಡುಗಿಯರು ಹೋದೆವು, ಆಕೆಯೂ ಬಂದಳು. ಭಾಷಣ ಮಾಡಲು ಬಂದ ಹುಡುಗಿಯರ ಕೈಗೇ ಅತಿಥಿಗಳ ಚಹಾದ ತಟ್ಟೆ ಕೊಟ್ಟದ್ದನ್ನು ನಾನು ವೇದಿಕೆಯ ಮೇಲೆಯೇ ಖಂಡಿಸಿದೆ. ಚಪ್ಪಾಳೆ ಬಿತ್ತು, ಮೊದಲ ಬಹುಮಾನವೂ ಬಂತು.

ರೈಲಿಗೆ ಇನ್ನೂ ಹೊತ್ತಿತ್ತು. ತೀರ್ಪುಗಾರರಲ್ಲಿ ಒಬ್ಬರಾದ ಹರಿಹರದ ಹಿರಿಯರು ಹೊಳೆ ತೋರಿಸಲು ನಮ್ಮನ್ನು ಸೇತುವೆಗೆ ಕರೆದೊಯ್ದರು. ಮೇಷ್ಟ್ರು ಯಾರೊಂದಿಗೋ ಮಾತನಾಡುತ್ತ ಹಿಂದೆ ಉಳಿದರು. ತುಂಗಭದ್ರೆ ಕೆಂಪಾಗಿ, ದಡ ಕಚ್ಚಿ ಹರಿಯುತ್ತಿತ್ತು.

"ಏ, ಆ ಚಕ್ರವರ್ತಿನ ಎಷ್ಟು ಬೈದೆಲೇ!" ಎಂದು ಆಕೆ ನನ್ನ ಭುಜಕ್ಕೆ ತಟ್ಟಿ ನಕ್ಕಳು. "ಆತ ಕೇಳಿದ್ರೆ ಇನ್ನೊಂದ್ಸಲ ಹಿಮದಾಗ ಓಡ್ತಿದ್ದ."

ಹಿರಿಯರು ಕಲ್ಲಿನ ಗೋಡೆಯ ಮೇಲೆ ಕೈಯಿಟ್ಟು ಹೇಳಿದರು: "ಈ ಸೇತುವಿಗೆ ನಮ್ಮಜ್ಜ ಕಲ್ಲು ಹೊತ್ತಿದ್ದ ನೋಡ್ರಿ. ೧೮೭೦ಕ್ಕೂ ಮುಂಚೇನೇ ಮುಗಿದಿತ್ತು. ಅದಕ್ಕಿಂತ ಹಿಂದೆ ಮಳೆಗಾಲ ಬಂತು ಅಂದ್ರೆ ಹರಿಗೋಲೇ ಗತಿ."

ನಾವಿಬ್ಬರೂ ಒಮ್ಮೆಲೇ ತಿರುಗಿ ಒಬ್ಬರನ್ನೊಬ್ಬರು ನೋಡಿದೆವು. ನಾವು ಹುಟ್ಟಿದಾಗಿನಿಂದ ಆ ಸೇತುವೆ ಅಲ್ಲಿತ್ತು. ನಮ್ಮ ಪಾಲಿಗೆ ಅದು ಹೊಳೆಯಷ್ಟೇ ಹಳೆಯದು. ಹೀಗಾಗಿ ಹರಿಗೋಲು ಎಂಬ ಮಾತನ್ನು ಓದಿಯೂ ಮೇಷ್ಟ್ರಾಗಲಿ ನಾವಾಗಲಿ ಸೇತುವೆಯನ್ನು ನೆನೆದಿರಲಿಲ್ಲ.

"೧೮೭೨ ಆಗಿದ್ರೆ ಸೇತುವೆ ಮ್ಯಾಲೆ ನಡ್ಕೊಂಡು ಹೋಗ್ತಿದ್ರು," ಎಂದಳು ಆಕೆ ಮೆಲ್ಲಗೆ. "ಹರಿಗೋಲು ಯಾಕ ಬೇಕಿತ್ತು?"

ನಾನು ನೀರನ್ನು ನೋಡುತ್ತಿದ್ದೆ.

"ಸಾರ್‌ಗೆ ನೀನೇ ಹೇಳು. ನಾ ಹೇಳಿದ್ರೆ, ಬಹುಮಾನ ಬಂದಿದ್ದಕ್ಕೆ ಹೊಟ್ಟೆಕಿಚ್ಚು ಅಂತಾರೆ."

ಹೊಟ್ಟೆಕಿಚ್ಚು ಯಾರದೆಂದು ಆಕೆಗೆ ತಿಳಿದಿರಲಿಲ್ಲವೆಂದು ಆಗ ನಂಬಿದ್ದೆ. ಈಗ ನಂಬುವುದಿಲ್ಲ.

ರೈಲಿನಲ್ಲಿ ಮೇಷ್ಟ್ರು, "ಯಾಕವ್ವಾ, ಗೆದ್ದು ಬಂದಾಕಿ ಸುಮ್ಮನೆ ಕೂತೀಯಲ್ಲ?" ಎಂದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. "ತಲೆನೋವು ಸಾರ್," ಎಂದೆ. ಆನೆಕೊಂಡದ ಹುಡುಗಿ ನನ್ನನ್ನೊಮ್ಮೆ ನೋಡಿ, ಎದ್ದು, ಕಿಟಕಿಯ ಬದಿಯ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟಳು. ಆ ಔದಾರ್ಯದ ಮೇಲೂ ನನಗೆ ಅಸೂಯೆಯಾಯಿತು.

ಮರುದಿನವೂ ಹೇಳಲಿಲ್ಲ, ಆ ವರ್ಷವಿಡೀ ಹೇಳಲಿಲ್ಲ. ಆಕೆಯ ಅಜ್ಜಿ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಕೋರಾ ಬಟ್ಟೆ ಮಾತ್ರ ಬಹುಕಾಲ ಶಾಲೆಯ ಪಡಸಾಲೆಯಲ್ಲಿ, ಕೆಳಗೆ ನನ್ನ ಹೆಸರನ್ನು ಹೊತ್ತು ನೇತಾಡುತ್ತಿತ್ತು. ಬಲವಂತದ ದುಡಿಮೆಯ ವಿರುದ್ಧ ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ಪ್ರತಿ ಸಲವೂ ಸಾಕ್ಷಿ ಕೇಳುವವರಿದ್ದರು, ಪ್ರತಿ ಸಲವೂ ದೂರದ ದೇಶಗಳ ಸಾಕ್ಷಿಯನ್ನೇ ಕೊಟ್ಟೆ.

ಅಂದು ಹನ್ನೆರಡನೆಯ ಸಾಲು ಹೀಗಿರಬೇಕಿತ್ತು: ೧೮೧೨, ಆಂಗೀರಸ ಸಂವತ್ಸರದ ಆಷಾಢ. ದಂಡಿನವರು ಆನೆಕೊಂಡದ ಏಳು ಹೆಂಗಸರ ತಲೆಯ ಮೇಲೆ ಕೂಲಿಯಿಲ್ಲದೆ ಮೂಟೆ ಹೊರಿಸಿ, ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿಸಿದರು. ಆರು ಜನ ತಿರುಗಿ ಬಂದರು.