ಎಲೆಗೂ ಆಳು, ಹಣ್ಣಿಗೂ ಆಳು

ನಮ್ಮ ಕಾಲೇಜಿನ ಲ್ಯಾಬಿಗೆ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ತರಿಸಲು ನಾನು ಮೂರು ವರ್ಷ ಜಗಳವಾಡಿದ್ದೇನೆ. ಜಗಳ ನನಗೆ ಕಷ್ಟದ ಕೆಲಸವಲ್ಲ. ಸಾವಿರಾರು ಪುಟ್ಟ ಕೋರುಗಳು ಒಂದೇ ಹೊತ್ತಿಗೆ ದುಡಿಯುವ ಚಿಪ್ಪಿನ ಬಗ್ಗೆ ಬರೀ ಬೋರ್ಡಿನ ಮೇಲೆ ಚೌಕ ಬರೆದು ಪಾಠ ಮಾಡುವುದೆಂದರೆ, ಜಗಲಿಯ ಮೇಲೆ ಕೂರಿಸಿ ಈಜು ಕಲಿಸಿದ ಹಾಗೆ. ಅಂತೂ ಇಂತೂ ಕಾರ್ಡು ಚಿಕ್ಕಮಗಳೂರಿಗೆ ಬಂತು. ಬಂದ ಎರಡೇ ತಿಂಗಳಿಗೆ ಕಾಲೇಜಿನ ಪ್ರಚಾರ ವಿಭಾಗದವರ ಕಣ್ಣು ಅದರ ಮೇಲೆ ಬಿತ್ತು. ಅಡ್ಮಿಷನ್ನಿನ ವಿಡಿಯೋ ಮಾಡಲು ಅವರಿಗೆ ಅದೇ ಮಷೀನು ಬೇಕಂತೆ.

ನಮ್ಮ ಪ್ರಿನ್ಸಿಪಾಲರು ಯಾರನ್ನೂ ನೋಯಿಸದ ಮನುಷ್ಯ. ಅಂಥವರೊಡನೆ ಜಗಳ ಕುದುರುವುದಿಲ್ಲ. "ಮೇಡಂ, ಮುಂದಿನ ಶುಕ್ರವಾರ ನಿಮ್ಮ ಮಕ್ಕಳ ಪ್ರಾಜೆಕ್ಟ್ ತೋರಿಸಿ. ಮಾಮೂಲಿ ಕಂಪ್ಯೂಟರಿಗಿಂತ ಬೇಗ ಕೆಲಸ ಆದ್ರೆ ಮಷೀನು ನಿಮ್ಮಲ್ಲೇ ಇರ್ಲಿ. ಇಲ್ಲಾಂದ್ರೆ ಅವರಿಗೆ ಕೊಟ್ಬಿಡೋಣ," ಎಂದರು. ನಾನು ಧೈರ್ಯವಾಗಿ ಒಪ್ಪಿಕೊಂಡೆ.

ಪ್ರಾಜೆಕ್ಟ್ ಏನೆಂದರೆ, ಕಾಫಿ ತೋಟದ ದೊಡ್ಡ ದೊಡ್ಡ ಫೋಟೋಗಳಲ್ಲಿ ಹಣ್ಣು ಎಷ್ಟಿದೆ ಎಂದು ಕಂಡುಹಿಡಿದು, ಯಾವ ಬ್ಲಾಕು ಕೊಯ್ಲಿಗೆ ಬಂದಿದೆ ಎಂದು ಹೇಳುವುದು. ಫೋಟೋ ತೆಗೆದು ತಂದವರು ವಿದ್ಯಾರ್ಥಿಗಳು. ಕೆಲಸವನ್ನು ಕೋರುಗಳಿಗೆ ಹಂಚುವ ಭಾಗ ಬರೆದವಳು ನಾನು. ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ, ಯಾಕೆಂದರೆ ಆಳು ಹಂಚುವ ವಿದ್ಯೆ ನನಗೆ ಮನೆಯಲ್ಲೇ ಸಿಕ್ಕಿದ್ದು ಎಂಬ ಜಂಬ ನನ್ನದು.

ಅಮ್ಮ ಸಂಸೆಯ ಹತ್ತಿರದ ಎಸ್ಟೇಟಿನಲ್ಲಿ ಹೆಣ್ಣಾಳುಗಳಿಗೆ ಮೇಸ್ತ್ರಿಯಾಗಿದ್ದಳು. ಕೊಯ್ಲಿನ ದಿನಗಳಲ್ಲಿ ಶಾಲೆಗೆ ರಜೆಯಿದ್ದರೆ ನಾನೂ ಹಿಂದೆ ಹೋಗುತ್ತಿದ್ದೆ. ಬೆಳಿಗ್ಗೆ ಅವಳು ಬ್ಲಾಕಿನ ತಗ್ಗಿನಲ್ಲಿ ನಿಂತು ಗಿಡ ಎಣಿಸಿ, ಒಬ್ಬೊಬ್ಬರಿಗೆ ಒಂದೊಂದು ಸಾಲು ತೋರಿಸುತ್ತಿದ್ದಳು. ಯಾರೂ ತುಟಿಪಿಟಕ್ ಎನ್ನುತ್ತಿರಲಿಲ್ಲ. ಎಲ್ಲರಿಗೂ ಸಮ ಸಾಲು, ಎಲ್ಲರೂ ಒಟ್ಟಿಗೆ ಶುರು. ನಾನೂ ಹಾಗೆಯೇ ಫೋಟೋವನ್ನು ಸಮವಾದ ಸಣ್ಣ ಚೌಕಗಳಾಗಿ ಕತ್ತರಿಸಿ, ಸಾಲಾಗಿ ಒಂದೊಂದು ಕೋರಿಗೆ ಒಂದೊಂದು ಚೌಕ ಕೊಟ್ಟೆ. "ಇದು ನಮ್ಮಮ್ಮನ ಪದ್ಧತಿ," ಎಂದು ತರಗತಿಯಲ್ಲಿ ಕೊಚ್ಚಿಕೊಂಡೆ ಕೂಡ.

ಓಡಿಸಿ ನೋಡಿದರೆ, ಸಾವಿರಾರು ಆಳಿರುವ ಕಾರ್ಡು ಹತ್ತು ಹನ್ನೆರಡು ಆಳಿನ ಮಾಮೂಲಿ ಪ್ರೊಸೆಸರಿಗಿಂತ ಹಿಂದೆ ಬಿತ್ತು. ಮೂರು ದಿನ ತಪ್ಪು ಹುಡುಕಿದೆ. ಕೇಬಲ್ಲಿಗೆ ಬೈದೆ, ಕರೆಂಟಿಗೆ ಬೈದೆ, ಏನೂ ಮಾಡದ ಒಬ್ಬ ವಿದ್ಯಾರ್ಥಿನಿಗೂ ಬೈದು ಆಮೇಲೆ ಕ್ಷಮೆ ಕೇಳಿದೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದೆ. ಅಮ್ಮ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ಪರದೆಯ ಮೇಲಿದ್ದ ತೋಟದ ಫೋಟೋ ಕಡೆ ಬಗ್ಗಿದಳು.

"ಗಿಡದ ಬೇಡದ ಚಿಗುರು ತೆಗೆದೇ ಇಲ್ಲ. ಯಾವ ಎಸ್ಟೇಟು ಇದು?"

"ಎಸ್ಟೇಟು ಬಿಡಮ್ಮ. ನನ್ನ ಆಳುಗಳು ಕೆಲಸ ಮಾಡ್ತಾ ಇಲ್ಲ."

ಆಳು ಅಂದದ್ದೇ ತಡ, ಅವಳ ಕೈ ನಿಂತಿತು. ಹೇಳಿದೆ: ಮೂವತ್ತೆರಡು ಕೋರುಗಳದ್ದು ಒಂದೊಂದು ಗುಂಪು, ಗುಂಪಿನವರೆಲ್ಲ ಹೆಜ್ಜೆಗೆ ಹೆಜ್ಜೆ ಹಾಕಿಯೇ ನಡೆಯಬೇಕು. ಬರೀ ಎಲೆಯಿರುವ ಚೌಕ ಸಿಕ್ಕಿದವರದು ಚಿಟಿಕೆಯಲ್ಲಿ ಮುಗಿಯುತ್ತದೆ. ಹಣ್ಣಿರುವ ಚೌಕ ಸಿಕ್ಕಿದವರಿಗೆ ಹೊತ್ತು ಹಿಡಿಯುತ್ತದೆ.

"ಮುಗಿಸಿದೋರು ಪಕ್ಕದ ಸಾಲಿಗೆ ಕೈ ಜೋಡಿಸೋದಿಲ್ವಾ?"

"ಅವಕ್ಕೆ ಹಾಗೆಲ್ಲ ಬರೋದಿಲ್ಲ. ಉಳಿದವರು ಮುಗಿಸೋವರೆಗೂ ಸುಮ್ನೆ ನಿಂತಿರ್ತಾವೆ."

"ಎಲೆಗೂ ಒಂದು ಆಳು, ಹಣ್ಣಿಗೂ ಒಂದು ಆಳಾ? ಹೀಗೆ ಹಂಚೋಕೆ ನಿಂಗೆ ಯಾರು ಮಾರಾಯ್ತಿ ಹೇಳ್ಕೊಟ್ಟಿದ್ದು?"

"ನೀನೇ!"

ಅವಳಿಗೆ ನಿಜವಾಗಿ ಸಿಟ್ಟು ಬಂತು. ನನ್ನ ಸಿಟ್ಟು ಎಲ್ಲಿಂದ ಬಂದದ್ದೆಂದು ಅವಳನ್ನು ನೋಡಿದರೆ ಗೊತ್ತಾಗುತ್ತದೆ. "ನಾನು ಯಾವತ್ತು ಹೀಗೆ ಹಂಚಿದ್ದೆ? ಬೆಳಿಗ್ಗೆ ಎಣಿಸಿದ್ದು ಮಾತ್ರ ನೋಡಿದ್ದಿ ನೀನು. ಹಿಂದಿನ ದಿನ ಸಂಜೆ ಆಳುಗಳನ್ನ ಕಳಿಸಿ, ನಾಳೆಯ ಬ್ಲಾಕು ಪೂರಾ ಒಂದು ಸುತ್ತು ಹಾಕ್ತಿದ್ದೆ. ಹಣ್ಣು ಎಲ್ಲಿದೆ, ಬರೀ ಎಲೆ ಎಲ್ಲಿದೆ ನೋಡ್ಕೊಂಡು ಬರ್ತಿದ್ದೆ. ಎಲೆ ಸಾಲು ಬಿಟ್ಟು, ಹಣ್ಣಿನ ಸಾಲು ಮಾತ್ರ ಎಣಿಸಿ ಕೊಡ್ತಿದ್ದೆ."

ನನಗೆ ಪ್ರೋಗ್ರಾಮು ಮರೆತುಹೋಯಿತು. ಆ ಸಂಜೆಗಳು ನನಗೆ ಚೆನ್ನಾಗಿ ಗೊತ್ತು. ನಾವಿದ್ದ ಆಳುಗಳ ಲೈನ್ ಮನೆಗಳಲ್ಲಿ ಬೇರೆ ಮಕ್ಕಳ ಅಮ್ಮಂದಿರು ಬೆಳಕಿರುವಾಗಲೇ ಬಂದು ಒಲೆ ಹಚ್ಚುತ್ತಿದ್ದರು. ನನ್ನಮ್ಮ ಕತ್ತಲಾದ ಮೇಲೆ ಬರುತ್ತಿದ್ದಳು. ನಾನು ಹಸಿದುಕೊಂಡು, ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಎಲ್ಲೋ ಮಾತಾಡುತ್ತಾ ನಿಂತಿರುತ್ತಾಳೆ ಎಂದುಕೊಂಡಿದ್ದೆ. "ನಿಂಗೆ ನನ್ನ ನೆನಪೇ ಆಗಲ್ಲ," ಎಂದು ಎಷ್ಟೋ ಸಲ ಕೂಗಾಡಿದ್ದೇನೆ. ಅವಳು ಕೇಳಿಸಿಕೊಂಡು ಒಲೆ ಹಚ್ಚಲು ಹೋಗುತ್ತಿದ್ದಳು.

"ಆಗ್ಲೇ ಯಾಕಮ್ಮ ಹೇಳ್ಲಿಲ್ಲ?"

"ಸಿಟ್ಟು ಬಂದಾಗ ನೀನು ಚೆನ್ನಾಗಿ ಓದ್ತಿದ್ದಿ," ಎಂದಳು. "ಅದಕ್ಕೇ ಸುಮ್ನಿದ್ದೆ."

ನಗು ಬಂತು. ಅಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು. ಅವಳು ಮಾತ್ರ ಆಗಲೇ ಅವರೆಕಾಯಿಗೆ ಮರಳಿದ್ದಳು.

ಸೋಮವಾರ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನನ್ನ ಭಾಗವನ್ನು ಅಳಿಸಿ ಬರೆದೆ. ಮೊದಲು ಇಡೀ ಫೋಟೋದ ಮೇಲೆ ಒಂದು ಹಗುರ ಸುತ್ತು, ಹಣ್ಣಿರಬಹುದಾದ ಚೌಕಗಳಿಗೆ ಬರೀ ಗುರುತು. ಆಮೇಲೆ ಗುರುತಿನ ಚೌಕಗಳನ್ನು ಮಾತ್ರ ಒಟ್ಟುಗೂಡಿಸಿ ಹಂಚುವುದು. ಪುಸ್ತಕಗಳಲ್ಲೂ ಇರುವ ಉಪಾಯವೇ ಅದು. ಓದಿದ್ದೆ, ಪಾಠವನ್ನೂ ಮಾಡಿದ್ದೆ. ಆದರೆ ಅಮ್ಮನ ಪದ್ಧತಿಯಲ್ಲಿ ಊನವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಊನ ಇರಲೂ ಇಲ್ಲ, ನಾನು ನೋಡಿದ್ದು ಅರ್ಧ ಅಷ್ಟೇ.

ಶುಕ್ರವಾರ ಪ್ರಿನ್ಸಿಪಾಲರು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಕಾರ್ಡಿನ ಕೆಲಸ ಮುಗಿದಿತ್ತು. ಮಾಮೂಲಿ ಪ್ರೊಸೆಸರು ಇನ್ನೂ ಓಡುತ್ತಲೇ ಇತ್ತು. "ಮಷೀನು ಇಲ್ಲೇ ಇರ್ಲಿ ಮೇಡಂ," ಎಂದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಎಲ್ಲರೂ ಹೋದ ಮೇಲೆ ಮರುದಿನದ ತರಗತಿಗೆ ಬೇಕಾದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂತೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮನೆ ತಲುಪುವಾಗ ಕತ್ತಲಾಗಿತ್ತು. ಅಮ್ಮ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಎಷ್ಟೊತ್ತು ಮಾರಾಯ್ತಿ? ಎಲ್ಲಿ ಮಾತಾಡ್ತಾ ನಿಂತಿದ್ದಿ?"

"ನಾಳೆಯ ಸಾಲು ನೋಡ್ಕೊಂಡು ಬಂದೆ," ಎಂದೆ.

ಅವಳು ಪಕ್ಕಕ್ಕೆ ಸರಿದು, ಮೆಟ್ಟಿಲ ಮೇಲೆ ನನಗೂ ಜಾಗ ಮಾಡಿದಳು.