ಜೋರಾಗಿ ಹೇಳಿಸಿದ ಅಕ್ಕ

ಅಕ್ಕನ ಎಡಗಿವಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಬಸ್ಸಿನಲ್ಲಿ ಎಡಬದಿಯ ಕಿಟಕಿ ಸೀಟನ್ನೇ ಹಿಡಿದು, ಕೇಳದ ಕಿವಿಯನ್ನು ರಸ್ತೆಗೆ ಕೊಟ್ಟು, ಕೇಳುವ ಕಿವಿಯನ್ನು ನಮಗಾಗಿ ಇಟ್ಟುಕೊಂಡು ಕೂರುತ್ತಿದ್ದರು. ಯಾರ ಮಾತಾದರೂ ಕೇಳಬೇಕೆನಿಸಿದರೆ ಬಲಗಿವಿಯ ಮೇಲೆ ಬಿದ್ದ ನರೆಗೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಮುಖವನ್ನು ಕೊಂಚ ವಾಲಿಸುವರು. ಆ ಕಿವಿಯಲ್ಲೊಂದು ಕೆಂಪು ಹರಳಿನ ಸಣ್ಣ ಓಲೆ. ಮೆಲ್ಲಗೆ ಮಾತಾಡಿದರೆ, "ಏನು? ಜೋರಾಗಿ ಹೇಳು" ಎನ್ನುವರು. ಅವರಿಗೆ ಗುಟ್ಟು ಹೇಳುವುದೂ ಒಂದೇ, ಬಸ್ಸಿಗೆಲ್ಲ ಡಂಗುರ ಸಾರುವುದೂ ಒಂದೇ.

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಿಗ್ಗೆ ಹೊರಡುವ ಆ ಖಾಸಗಿ ಬಸ್ಸಿನಲ್ಲಿ ದಿನವೂ ಅದೇ ಮುಖಗಳು. ಬ್ಯಾಂಕಿನವರು, ಮೇಷ್ಟ್ರುಗಳು, ಕೋರ್ಟಿನ ಗುಮಾಸ್ತರು, ಅಂಗಡಿಗಳಲ್ಲಿ ಕೆಲಸ ಮಾಡುವ ನನ್ನಂಥವರು. ಕಿಟಕಿ ಸೀಟಿನ ಇವರು ಭದ್ರಾವತಿಯ ಓಲ್ಡ್ ಟೌನಿನವರು, ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನ ಆಫೀಸಿನಲ್ಲಿದ್ದರು. ಎಲ್ಲರಿಗೂ ಅವರು 'ಅಕ್ಕ'. ಅವರಿಗಿಂತ ಹಿರಿಯರಾದ ಕಂಡಕ್ಟರಿಗೂ ಅಕ್ಕನೇ. ನರ್ಸ್, ಆಯಾ, ವಾರ್ಡ್‌ಬಾಯ್ ಯಾರನ್ನೇ ಕೆಲಸಕ್ಕೆ ತೆಗೆದುಕೊಳ್ಳುವಾಗ ಡಾಕ್ಟರುಗಳ ಜೊತೆ ಮೇಜಿನ ಆ ಕಡೆ ಕೂರುವುದು ಅವರ ಕೆಲಸಗಳಲ್ಲಿ ಒಂದಾಗಿತ್ತು. "ಡಾಕ್ಟ್ರು ಸರ್ಟಿಫಿಕೇಟ್ ನೋಡ್ತಾರೆ, ನಾನು ಬಂದವರ ಬಾಯಿ ನೋಡ್ತೀನಿ. ಒಳ್ಳೊಳ್ಳೆ ಕೆಲಸಗಾರರು ಬಾಯಿ ಕಟ್ಕೊಂಡು ಎದ್ದು ಹೋಗ್ತಾರೆ, ಹೊಟ್ಟೆ ಉರಿಯುತ್ತೆ ಮಾರಾಯ" ಎಂದು ಆಗಾಗ ಹೇಳುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಹಾಗೆ ಬಾಯಿ ಕಟ್ಟಿಕೊಂಡು ಎದ್ದು ಬರುವ ಸರದಿ ನನಗೂ ಬರುತ್ತದೆಂದು ಗೊತ್ತಿರಲಿಲ್ಲ.

ನಾನು ಪವರ್ ಟಿಲ್ಲರ್ ಮತ್ತು ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಒಂದು ಅಂಗಡಿಯ ಕೌಂಟರಿನಲ್ಲಿದ್ದೆ. ಯಜಮಾನರ ಮಕ್ಕಳು ಪಾಲಾದರು, ಅಂಗಡಿಯ ಬಾಗಿಲು ಬಿತ್ತು. ಮನೆಯಲ್ಲಿ ನಾನು ಹೇಳಲಿಲ್ಲ. ಅಪ್ಪ ಕಾಗದದ ಮಿಲ್ಲಿನ ಬಾಯ್ಲರ್ ವಿಭಾಗದವರು, ನಾವಿದ್ದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ತಂಗಿಗೆ ಗಂಡು ನೋಡುತ್ತಿದ್ದರು. ಬಂದವರೆಲ್ಲ ಕಾಫಿ ಲೋಟ ಕೆಳಗಿಡುವ ಮೊದಲೇ "ಹುಡುಗಿ ಅಣ್ಣ ಏನು ಮಾಡ್ತಾನೆ?" ಎಂದು ಕೇಳುವರು. ಅಪ್ಪ ನನ್ನ ಅಂಗಡಿಯ ಹೆಸರನ್ನು ಒಂದಿಷ್ಟು ಗತ್ತಿನಿಂದಲೇ ಹೇಳುವರು. ನಾನು ಒಳಗಿನ ಕೋಣೆಯಲ್ಲಿ ನೆಲ ನೋಡುತ್ತ ಕೂತಿರುತ್ತಿದ್ದೆ. ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು ಅದೇ ಬಸ್ಸು ಹತ್ತುವುದು, ಶಿವಮೊಗ್ಗದಲ್ಲಿ ಇಳಿದು ಗಾಂಧಿ ಪಾರ್ಕಿನ ಬೆಂಚಿನ ಮೇಲೆ ಕೂರುವುದು, ಸಂಜೆಗೆ ಮುಖ ತೊಳೆದುಕೊಂಡು ದಣಿದವನ ಹಾಗೆ ಮನೆ ಸೇರುವುದು. ನಾಚಿಕೆಯಾಗುತ್ತಿತ್ತು. ಆದರೆ ನಿಜ ಹೇಳುವ ನಾಚಿಕೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಯಾವುದೋ ಕೆಲಸದ ಮೇಲೆ ಪಾರ್ಕಿನ ಕಡೆ ಬಂದವರು ನನ್ನನ್ನು ಕಂಡರು. ನಾನು ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. "ರಜೆ ಅಕ್ಕ" ಎಂದೆ. ಅವರು "ಹೌದಾ, ಒಳ್ಳೇದು" ಎಂದು ಹೊರಟುಹೋದರು. ಮರುದಿನ ಬಸ್ಸಿನಲ್ಲಿ, ಕಂಬಿ ಹಿಡಿದು ಅವರ ಸೀಟಿನ ಪಕ್ಕ ನಿಂತಿದ್ದಾಗ ಕೂದಲು ಹಿಂದಕ್ಕೆ ಸರಿಸಿ ಕೇಳಿದರು.

"ರಜೆ ಇನ್ನೂ ಇದೆಯಾ, ಮುಗೀತಾ?"

ನಾನು ಬಗ್ಗಿ, ಆದಷ್ಟು ಮೆಲ್ಲಗೆ, ಅಂಗಡಿ ಮುಚ್ಚಿದ್ದನ್ನು ಹೇಳಿದೆ. ಅಂದು ಮಾತ್ರ ಅವರು ಜೋರಾಗಿ ಹೇಳು ಎನ್ನಲಿಲ್ಲ. ಅಷ್ಟು ಮೆಲ್ಲಗೆ ಹೇಳಿದ್ದು ಹೇಗೆ ಕೇಳಿಸಿತೋ ನನಗೆ ಇವತ್ತಿಗೂ ತಿಳಿಯದು.

ದಾರಿಯಲ್ಲೇ ಸಿಗುವ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಸ್ಟೋರ್ಸ್ ನೋಡಿಕೊಳ್ಳುವವರು ಬೇಕಾಗಿದ್ದಾರೆಂಬ ಸುದ್ದಿಯನ್ನು ಅವರೇ ತಂದರು. ನಾನು ಹೋದೆ. ನಮ್ಮ ಊರಿನಲ್ಲಿ ನೀನು ಯಾರಪ್ಪ ಎಂದು ಕೇಳಿದರೆ ಹುಡುಗರು ತಮ್ಮ ಹೆಸರಿಗಿಂತ ಮೊದಲು ಅಪ್ಪನ ಡಿಪಾರ್ಟ್‌ಮೆಂಟ್ ಹೇಳುತ್ತಾರೆ. ನಾನೂ ಅದರಿಂದಲೇ ಶುರು ಮಾಡಿದೆ. ನಿಮ್ಮ ಬಗ್ಗೆ ಹೇಳಿ ಎಂದವರಿಗೆ ಬಾಯ್ಲರಿನ ಬಗ್ಗೆ ಹೇಳಿದೆ. ಹಿಂದಿನ ಕೆಲಸದಲ್ಲಿ ಏನು ಸಾಧಿಸಿದಿರಿ ಎಂದಾಗ, "ನನ್ನದೇನಿದೆ ಸಾರ್, ಎಲ್ಲ ನಮ್ಮ ಯಜಮಾನರ ಆಶೀರ್ವಾದ. ಅವರು ಹೇಳಿದ್ದು ಮಾಡಿಕೊಂಡಿದ್ದೆ" ಎಂದು ಕೈ ಕಟ್ಟಿ ನಿಂತೆ. ದೊಡ್ಡವರ ಮುಂದೆ ಹಾಗೆ ನಡೆದುಕೊಳ್ಳಬೇಕೆಂದೇ ನಮ್ಮ ಮನೆಯಲ್ಲಿ ಕಲಿಸಿದ್ದು. ಅವರು ತಲೆಯಾಡಿಸಿ, ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಇದನ್ನು ಕೇಳಿ ಅಕ್ಕನಿಗೆ ಸಿಟ್ಟು ಬಂತು.

"ಆ ಯಜಮಾನ್ರನ್ನೇ ಕೆಲ್ಸಕ್ಕೆ ತಗೊಳ್ಳೋಣ ಅಂದ್ಕೊಂಡಿರ್ತಾರೆ ಬಿಡು. ನೀನು ಅವರ ಪರವಾಗಿ ಹೋಗಿದ್ಯಲ್ಲ."

"ನಮ್ಮಪ್ಪ ಹೇಳ್ತಾರೆ ಅಕ್ಕ, ತುಂಬಿದ ಕೊಡ ತುಳುಕಲ್ಲ ಅಂತ."

"ತುಳುಕೋದು ಬೇಡ ಮಾರಾಯ. ಆದ್ರೆ ಖಾಲಿ ಕೊಡನೂ ತುಳುಕಲ್ಲ. ಯಾವುದು ತುಂಬಿದ್ದು ಅಂತ ಎತ್ತಿ ನೋಡೋಕೆ ಅಲ್ಲಿ ಕೂತವರಿಗೆ ಪುರುಸೊತ್ತಿರಲ್ಲ."

ಮರುದಿನದಿಂದ ಶುರುವಾಯಿತು ನನ್ನ ಪಾಡು. ಬಸ್ಸು ಊರು ದಾಟುತ್ತಿದ್ದಂತೆ ಅಕ್ಕ ಕೂದಲು ಸರಿಸುವರು. "ಹೇಳು. ನೀನು ಇದ್ದಾಗ ಆ ಅಂಗಡೀಲಿ ಏನು ಸರಿಯಿರ್ಲಿಲ್ಲ? ನೀನೇನು ಮಾಡ್ದೆ? ಆಮೇಲೇನಾಯ್ತು? ಇಷ್ಟೇ. ಬೇರೆ ಪುರಾಣ ಬೇಡ." ನಾನು ಬಾಯಲ್ಲೇ ಗೊಣಗುವೆ. "ಏನು? ಜೋರಾಗಿ ಹೇಳು." ಬಸ್ಸೆಲ್ಲ ನನ್ನ ಕಡೆ ತಿರುಗುವುದು. ಕಿವಿ ಬಿಸಿಯಾಗುವುದು. ಕೆಲಸ ಹೋಗಿದ್ದು ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು. ಆ ದಿನ ಮಾಚೇನಹಳ್ಳಿಯಲ್ಲೇ ಇಳಿದು ಓಡಿಹೋಗಬೇಕೆನಿಸಿತ್ತು.

"ಏನೂ ಮಾಡಿಲ್ಲ ಅಕ್ಕ. ಸಾಮಾನು ಕೇಳ್ದವರಿಗೆ ಕೊಟ್ಟೆ, ಅಷ್ಟೇ."

"ಇಲ್ಲದಿದ್ದಾಗ?"

"ತರಿಸಿ ಕಳಿಸ್ತಿದ್ದೆ."

"ಹೇಗೆ ಕಳಿಸ್ತಿದ್ದೆ?"

ಹೀಗೆ ಒಂದೊಂದೇ ಎಳೆ ಹಿಡಿದು ಎಳೆಯುವರು. ನಾಟಿ ಸಮಯದಲ್ಲಿ ಟಿಲ್ಲರ್ ಗದ್ದೆಯಲ್ಲೇ ಕೆಟ್ಟು ನಿಲ್ಲುತ್ತಿತ್ತು. ರೈತರು ಹೊಳೆಹೊನ್ನೂರಿನ ಆಚೆಯಿಂದ ಒಂದು ಬೆಲ್ಟಿಗೋ ಬೇರಿಂಗಿಗೋ ಶಿವಮೊಗ್ಗದವರೆಗೆ ಬಂದು, ಸ್ಟಾಕ್ ಇಲ್ಲ ಎನಿಸಿಕೊಂಡು ವಾಪಸ್ ಹೋಗುವರು. ಕೆಸರು ಮಾಡಿದ ಗದ್ದೆ ಕಾಯುತ್ತ ಬಿದ್ದಿರುವುದು. ನಾನು ಯಾವ ಊರಲ್ಲಿ ಯಾವ ಮಾಡೆಲ್ ಟಿಲ್ಲರ್ ಇದೆ ಎಂದು ಬಂದವರನ್ನೆಲ್ಲ ಕೇಳಿಟ್ಟುಕೊಂಡು, ಮಳೆಗೆ ಮೊದಲೇ ಆ ಸಾಮಾನು ತರಿಸಿಡುತ್ತಿದ್ದೆ. ಯಾರಾದರೂ ಫೋನ್ ಮಾಡಿದರೆ ಪೊಟ್ಟಣ ಕಟ್ಟಿ ಆ ಕಡೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಇದನ್ನು ಅಂದು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹಿಂದೆ ಟಿಕೆಟ್ ಹರಿಯುತ್ತಿದ್ದ ನಮ್ಮ ಕಂಡಕ್ಟರ್ ಅಲ್ಲಿಂದಲೇ ಬಾಯಿ ಹಾಕಿದರು.

"ಹೌದಕ್ಕ, ನಾನು ಹೊಳೆಹೊನ್ನೂರು ಲೈನಲ್ಲಿದ್ದಾಗ ಇವನ ಪೊಟ್ಟಣ ಎಷ್ಟು ಹೊತ್ತಿದೀನಿ. ರೈತರು ಸ್ಟಾಪಲ್ಲಿ ಕಾಯ್ತಾ ನಿಂತಿರೋರು."

"ನೋಡು" ಎಂದರು ಅಕ್ಕ. "ಇದನ್ನ ಬಿಟ್ಟು ಯಜಮಾನ್ರ ಆಶೀರ್ವಾದ ಅಂತೆ."

ಹೊಗಳಿಕೆ ತಲೆಗೇರಿತು. ಮಾರನೆಯ ದಿನ ನಾನು ಒಂದು ಗುಕ್ಕು ಜಾಸ್ತಿಯೇ ಹೇಳಿದೆ. ಇಡೀ ತಾಲ್ಲೂಕಿನ ನಾಟಿ ನನ್ನಿಂದಲೇ ನಡೆಯುತ್ತಿತ್ತೆಂಬ ಧಾಟಿ. ಬ್ಯಾಂಕಿನವರೊಬ್ಬರು ಕಿಸಕ್ಕೆಂದು ನಕ್ಕರು. ಅಕ್ಕ ನಗಲಿಲ್ಲ. "ನಿಜಾನೇ ಪೂರ್ತಿ ಹೇಳೋಕೆ ಇನ್ನೂ ಬಂದಿಲ್ಲ, ಆಗ್ಲೇ ಸುಳ್ಳಿಗೆ ಕೈ ಹಾಕ್ತೀಯಲ್ಲ" ಎಂದರು. ಆ ನಾಚಿಕೆಯೇ ಬೇರೆ ತರಹದ್ದು.

ಬಸ್ಸಿನಲ್ಲಿ ಕಾಗದನಗರದ ಒಬ್ಬರಿದ್ದರು, ಅಪ್ಪನ ಜೊತೆ ಕೆಲಸ ಮಾಡಿದವರು. ಸುದ್ದಿ ಮನೆ ತಲುಪಲು ತಡವಾಗಲಿಲ್ಲ. ಸಂಜೆ ನಾನು ಎಂದಿನಂತೆ ದಣಿದವನ ಮುಖ ಹೊತ್ತು ಒಳಗೆ ಬಂದರೆ ಅಪ್ಪ ವರಾಂಡದಲ್ಲಿ ಕುಳಿತಿದ್ದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬಸ್ಸಲ್ಲಿ ಅಷ್ಟು ಜನರ ಮುಂದೆ ಹೇಳಿದ್ಯಂತೆ. ಮನೇಲಿ ಹೇಳೋಕೆ ಏನಾಗಿತ್ತೋ?" ಎಂದರು. ಅಮ್ಮ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ನನಗೆ ಅವರಿಬ್ಬರ ಮುಖ ನೋಡಲಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ, "ಆ ಬೆಲ್ಟ್ ಕಳಿಸ್ತಿದ್ದದ್ದು ನಂಗೆ ಗೊತ್ತೇ ಇರ್ಲಿಲ್ಲ" ಎಂದರು, ಅಷ್ಟೇ.

ಮಾಚೇನಹಳ್ಳಿಯ ಆ ಕಂಪನಿಯವರು ನನ್ನ ಬದಲು ತೆಗೆದುಕೊಂಡಿದ್ದ ಮನುಷ್ಯ ಬಿಟ್ಟುಹೋದ. ಅಕ್ಕ ನನ್ನನ್ನು ಎರಡನೇ ಸಲ ಅಟ್ಟಿದರು. ಒಮ್ಮೆ ಬೇಡವೆಂದವರ ಬಾಗಿಲಿಗೆ ಮತ್ತೆ ಹೋಗುವುದು ಹೇಗೆ ಎಂದರೆ, "ನೀನು ಮೊದಲನೇ ಸಲ ಹೋಗೇ ಇಲ್ಲ, ಯಜಮಾನ್ರು ಹೋಗಿದ್ರು" ಎಂದರು. ಹೋದೆ. ಏನು ಕೆಟ್ಟಿತ್ತು, ಏನು ಮಾಡಿದೆ, ಏನಾಯಿತು ಎಂದು ಹೇಳಿದೆ. ಪೊಟ್ಟಣ ತಲುಪಿಸಿದ ಕಂಡಕ್ಟರುಗಳ ಪಾಲನ್ನೂ ಹೇಳಿದೆ. ಹಿಂದಿನ ಸಲ ತಲೆಯಾಡಿಸಿದ್ದವರೇ ಈಗ ಕುರ್ಚಿ ತೋರಿಸಿ, ಕೂತ್ಕೊಂಡು ಹೇಳಿ ಎಂದರು. ಕೆಲಸ ಸಿಕ್ಕಿತು. ತಂಗಿಯ ಮದುವೆ ಮಾತುಕತೆಗೆ ಬಂದವರ ಎದುರು ಆಮೇಲೆ ನಾನೂ ಹೊರಗೆ ಬಂದು ಕೂತೆ.

ಆಮೇಲೆ ವರ್ಷಗಟ್ಟಲೆ ಅದೇ ಬಸ್ಸು. ನಾನು ಮಾಚೇನಹಳ್ಳಿಯಲ್ಲೇ ಇಳಿದುಬಿಡುತ್ತಿದ್ದೆ, ಅಕ್ಕ ಮುಂದೆ ಹೋಗುತ್ತಿದ್ದರು. ನನ್ನ ನಂತರ ಇನ್ನೂ ಹಲವರು ಆ ಕಂಬಿ ಹಿಡಿದು ನಿಂತು ತಮ್ಮ ಕೆಲಸವನ್ನು ಜೋರಾಗಿ ಹೇಳಿದರು. ಒಬ್ಬ ಲ್ಯಾಬ್ ಟೆಕ್ನೀಷಿಯನ್, ಶಾಲೆ ಬದಲಿಸಬೇಕೆಂದಿದ್ದ ಒಬ್ಬ ಟೀಚರು. ಕೆಲಸ ಸಿಕ್ಕವರು ಪೇಡ ಹಂಚುವರು. ಅಕ್ಕ ಅರ್ಧ ತಿಂದು ಉಳಿದದ್ದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳುವರು.

ಒಂದು ಬೆಳಿಗ್ಗೆ ಅವರು ಕಿಟಕಿಯ ಕಡೆ ನೋಡುತ್ತಲೇ, ನರ್ಸಿಂಗ್ ಹೋಮಿನಲ್ಲಿ ಮ್ಯಾನೇಜರ್ ಅಂತ ಹೊಸ ಹುದ್ದೆ ಮಾಡುತ್ತಿದ್ದಾರೆ, ತಾನೂ ಅರ್ಜಿ ಹಾಕಬೇಕೆಂದಿದ್ದೇನೆ ಎಂದರು. "ಬೇರೆಯವರದಾದ್ರೆ ಕಾಣುತ್ತೆ ಕಣೋ. ನಂದು ನೋಡಿಕೊಂಡ್ರೆ ಪಾತ್ರೆ ತೊಳೆದ ಹಾಗೆ ಕಾಣುತ್ತೆ, ಹೇಳೋಕೆ ಏನೂ ಇಲ್ಲ ಅನ್ಸುತ್ತೆ" ಎಂದು ನಕ್ಕು, ನನ್ನ ಕಡೆ ತಿರುಗಿ ಕೂದಲು ಹಿಂದಕ್ಕೆ ಸರಿಸಿದರು.

"ನಂದು ನೀನು ಹೇಳು ನೋಡೋಣ."

ನಾನು ಉತ್ಸಾಹದಿಂದಲೇ ಬಾಯಿ ತೆರೆದೆ. "ನೀವು... ತುಂಬ ವರ್ಷದಿಂದ ಇದೀರಿ ಅಕ್ಕ. ಎಲ್ಲರಿಗೂ ಸಹಾಯ ಮಾಡ್ತೀರಿ. ಒಳ್ಳೆ ಮನಸ್ಸು..."

"ಅದು ಗುಣ ಆಯ್ತು. ನಾನು ಕೇಳಿದ್ದು ಕೆಲಸ."

ಕೆಲಸ ಕೇಳಿ ಬಂದವರನ್ನು ನೋಡುತ್ತಾರೆಂಬುದು ಬಿಟ್ಟರೆ ನನಗೆ ಒಂದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರ ಪಕ್ಕ ನಿಂತು ಬಂದವನು, ಅಕ್ಕ ನೀವು ಅಲ್ಲಿ ದಿನವೆಲ್ಲ ಏನು ಮಾಡ್ತೀರಿ ಎಂದು ಒಂದು ದಿನವೂ ಕೇಳಿರಲಿಲ್ಲ. ಹಿಂದೆ ತಿರುಗಿ ನೋಡಿದೆ, ಯಾರಾದರೂ ಹೇಳಲಿ ಎಂಬಂತೆ. ಟೀಚರು ಕಣ್ಣು ತಪ್ಪಿಸಿದರು. ಕಂಡಕ್ಟರ್ ಚೀಲದಲ್ಲಿ ಚಿಲ್ಲರೆ ಹುಡುಕತೊಡಗಿದರು. ಕೆಲಸ ಹೋದಾಗ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ.

"ಬಿಡು ಮಾರಾಯ. ಮಾಚೇನಹಳ್ಳಿ ಬಂತು, ಇಳಿ" ಎಂದರು ಅಕ್ಕ. ದನಿಯಲ್ಲಿ ಬೇಸರವಿರಲಿಲ್ಲ. ಇದ್ದಿದ್ದರೆ ಕ್ಷಮೆ ಕೇಳಲು ದಾರಿಯಾಗುತ್ತಿತ್ತು.

ಅವರು ಅರ್ಜಿ ಹಾಕಲಿಲ್ಲ. ಹೊರಗಿನಿಂದ ಯಾರನ್ನೋ ತಂದರು, ಅವರಿಗೆ ಕೆಲಸ ಕಲಿಸಿಕೊಟ್ಟವರು ಅಕ್ಕ. ನಾನು ಅದಾದ ಮೇಲೂ ಕೇಳಲಿಲ್ಲ. ಆ ಮಾತು ಎತ್ತಿದರೆ ಆ ದಿನವೇ ಎದ್ದು ಬರುತ್ತದೆಂಬ ಹೆದರಿಕೆ. ಹವಾಮಾನ, ಮದುವೆ, ಮುಂಜಿ ಎಂದು ಮಾತಾಡಿಕೊಂಡೇ ಇನ್ನಷ್ಟು ಕಾಲ ಕಳೆಯಿತು.

ಆಮೇಲೆ ಅವರಿಗೆ ಕಾಯಿಲೆಯಾಯಿತು. ಬಸ್ಸಿಗೆ ಬರುವುದು ನಿಂತಿತು, ಮುಂದಿನ ಮಳೆಗಾಲಕ್ಕೆ ಅವರೇ ಇರಲಿಲ್ಲ. ತೀರಿಕೊಂಡ ದಿನ ಓಲ್ಡ್ ಟೌನಿನ ಅವರ ಮನೆಯ ಅಂಗಳದಲ್ಲಿ ಬಸ್ಸಿನ ನಾವೆಲ್ಲ ಒಂದು ಕಡೆ, ನರ್ಸಿಂಗ್ ಹೋಮಿನವರು ಒಂದು ಕಡೆ ನಿಂತಿದ್ದೆವು. ನನ್ನ ಪಕ್ಕಕ್ಕೆ ಬಂದು ನಿಂತ ಒಬ್ಬ ವಯಸ್ಸಾದ ಆಯಾಳನ್ನು ನಾನು ಕೇಳಿದೆ, ಅಕ್ಕ ಅಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಮೊದ್ಲೆಲ್ಲ ಹೆರಿಗೆ ಆದವರನ್ನ ಸಂಜೆ ಮನೆಗೆ ಕಳಿಸೋರು ಸಾರ್. ಬಿಲ್ಲು ಆಗೋಷ್ಟರಲ್ಲಿ ಹಳ್ಳಿ ಬಸ್ಸೆಲ್ಲ ಹೋಗಿರೋವು. ಹಸಿ ಬಾಣಂತಿ ಮಗು ಕಟ್ಕೊಂಡು ಬಸ್‌ಸ್ಟ್ಯಾಂಡಲ್ಲಿ ಮಲಗೋದು. ಅಕ್ಕ ಡಾಕ್ಟ್ರ ಹತ್ರ ಜಗಳ ಆಡಿ, ದೂರದವರ ಬಿಲ್ಲು ಬೆಳಿಗ್ಗೇನೇ ಮುಗಿಸೋ ಹಾಗೆ ಮಾಡಿದ್ರು. ಯಾವ ಊರಿಗೆ ಯಾವ ಬಸ್ಸು ಅಂತ ಅವರಿಗೆ ಬಾಯಲ್ಲೇ ಇತ್ತು. ಆಮೇಲೆ ಒಬ್ಳೂ ಬಸ್‌ಸ್ಟ್ಯಾಂಡಲ್ಲಿ ಮಲಗ್ಲಿಲ್ಲ."

ಬಸ್ಸುಗಳ ಹೊತ್ತನ್ನು ಅಕ್ಕ ನಮ್ಮ ಕಂಡಕ್ಟರನ್ನು ಕೇಳುತ್ತಿದ್ದದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೆ. ಹೊತ್ತು ಹೋಗಲೆಂದು ಆಡುವ ಮಾತು ಎಂದುಕೊಂಡಿದ್ದೆ.

ಅವರ ಕೆಲಸವನ್ನು ಈಗ ನಾನು ಎಲ್ಲಿ ಬೇಕಾದರೂ ನಿಂತು, ಎಷ್ಟು ಜನರ ಮುಂದೆ ಬೇಕಾದರೂ ಹೇಳಬಲ್ಲೆ. ಹೇಳು ಎಂದು ಕೇಳಿದ್ದು ಮಾತ್ರ ಅವರೊಬ್ಬರೇ.