ಮಾವ ತೆಗೆದ ಕಲ್ಲು

ನಮ್ಮಜ್ಜಿ ದುರ್ಗಮ್ಮ ಎಪ್ಪತ್ತರ ದಶಕದಲ್ಲಿ ಅಜ್ಜಂಪುರ ಸ್ಟೇಷನ್ನಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಮೂತ್ರಕ್ಕೆ ಎದ್ದು ಹೋದರೆ ವ್ಯಾಪಾರ ಕೈತಪ್ಪುತ್ತದೆಂದು ಸಂಜೆವರೆಗೂ ನೀರೇ ಮುಟ್ಟುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಪಕ್ಕೆನೋವು ಶುರುವಾಯಿತು.

ಅವಳನ್ನು ಸಾಕಿ ಬೆಳೆಸಿದ ಸೋದರಮಾವ ಈರಪ್ಪ ಹತ್ತಿರದ ಶಿವನಿ ಎಂಬ ಊರಿನಲ್ಲಿ ನಾಟಿ ವೈದ್ಯ. ನೋವೆಂದು ಬಂದ ಅವಳ ಪಕ್ಕೆಗೆ ಕೊಳವೆಯಿಟ್ಟು ಬಾಯಿಂದ ಎಳೆದ, ಅಂಗೈಗೆ ಒಂದು ಕಲ್ಲು ಉಗುಳಿದ.

"ತಗಾ ದುರ್ಗಿ, ನಿನ್ ನೋವು."

ನೋವು ನಿಂತೇಹೋಯಿತು. ಅಜ್ಜಿ ಆ ಕಲ್ಲನ್ನು ದೇವರ ಗೂಡಿನಲ್ಲಿಟ್ಟುಕೊಂಡಳು.

ಮರುವರ್ಷ ನೋವು ಮರಳಿತು, ಮೂತ್ರದಲ್ಲಿ ರಕ್ತವೂ ಕಂಡಿತು. ಮಾವ ಕಲ್ಲು ತೆಗೆದ ಕಥೆ ಕೇಳಿ ಶಿವಮೊಗ್ಗದ ಡಾಕ್ಟರು ಎಕ್ಸ್‌ರೇ ತೆಗೆಸಿದರು.

"ಮೂತ್ರಪಿಂಡ ರಕ್ತ ಸೋಸಿ ಮೂತ್ರ ಮಾಡುತ್ತೆ ಕಣಮ್ಮ. ಅದು ಸಣ್ಣ ನಾಳದಲ್ಲಿ ಇಳಿದು ಮೂತ್ರಕೋಶ ಸೇರುತ್ತೆ. ನೀರು ಕಮ್ಮಿಯಾದ್ರೆ ಒಳಗೇ ಕಲ್ಲು ಕಟ್ಟುತ್ತೆ. ಹೊರಗೆ ಬಂದ್ರೂ ಮೂತ್ರದ ದಾರೀಲೇ ಬರ್ಬೇಕು, ಚರ್ಮ ದಾಟಿ ಬರಲ್ಲ. ನಿಮ್ಮ ಹಳೇ ಕಲ್ಲು ಇಲ್ಲೇ ಇದೆ, ನೋಡಿ."

ಅಜ್ಜಿ ಮನೆಗೆ ಬಂದವಳೇ ಗೂಡಿನ ಕಲ್ಲು ತೆಗೆದುಕೊಂಡು ಶಿವನಿ ಊರಿಗೆ ಹೋದಳು. ಮಾವನ ಮುಂದೆ ಅದನ್ನಿಟ್ಟಳು.

"ನಂದು ಇನ್ನೂ ಒಳಗೇ ಐತಂತೆ, ಮಾವ. ಇದನ್ನ ಎಲ್ಲಿಂದ ಆರಿಸ್ಕೊಂಡ್ ಬಂದಿದ್ದೆ?"

ಈರಪ್ಪ ತಲೆಯೆತ್ತಲಿಲ್ಲ. "ಆವತ್ತು ನೋವು ನಿಂತಿತ್ತಲ್ವೇನೇ?"

"ನಿನ್ನ ನಂಬಿದ್ನಲ್ಲ, ಅದ್ಕೇ ನಿಂತಿತ್ತು."